ಲಿಮಿಟರ್ ಇದ್ದರೂ ವಾಲ್ವ್ ಬಾಗಿತು: ಒಂದು ಲೀಟರ್ ಇಂಜಿನ್ನಿನ ಪ್ರಕರಣ

"ಮಾವ, ಈ ಇಂಜಿನ್ ನಿಜವಾಗ್ಲೂ ಎಷ್ಟು ಆರ್‌ಪಿಎಂ ತಡೆಯುತ್ತೆ?"

ಅಕ್ಕನ ಮಗ ಹೀಗೆ ಕೇಳಿದ್ದು ಇಂಜಿನ್ ಕೆಡುವುದಕ್ಕೆ ಮೂರು ವಾರ ಮುಂಚೆ. ಆರ್‌ಪಿಎಂ ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ. ಅವತ್ತು ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಮೀಟರಲ್ಲಿ ಕೆಂಪು ಬಣ್ಣ ಹಚ್ಚಿರೋದು ಚೆಂದಕ್ಕಾ?" ಅಂತ ಕೇಳಿ ಸುಮ್ಮನಾದೆ. ಪೆದ್ದಾಗಿದ್ದದ್ದು ಅವನ ಪ್ರಶ್ನೆ ಅಲ್ಲ, ನನ್ನ ಉತ್ತರ. ಆಮೇಲೆ ಆದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ, ಅವತ್ತು ಕೊಡಬೇಕಿದ್ದ ಉತ್ತರವನ್ನೂ ಸೇರಿಸಿ.

ಕಾರು ಸಾದಾ ಚಿಕ್ಕ ಕಾರು. ಮೂರು ಸಿಲಿಂಡರ್, 998 ಸಿಸಿ, ಪೆಟ್ರೋಲ್, ಟರ್ಬೊ ಇಲ್ಲ, ಐದು ಗೇರಿನ ಮ್ಯಾನುಯಲ್. ಬೋರ್ (ಸಿಲಿಂಡರಿನ ಅಗಲ) 73 ಮಿಮೀ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 79.5 ಮಿಮೀ. ಸಿಲಿಂಡರಿಗೆ ನಾಲ್ಕು ವಾಲ್ವ್ (ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲುಗಳು), ಅವನ್ನು ಪಿಸ್ಟನ್ನಿನ ಜೊತೆ ತಾಳಕ್ಕೆ ಹಿಡಿಯುವ ಟೈಮಿಂಗ್ ಚೈನ್. ಟಾರ್ಕ್ (ತಿರುಗಿಸುವ ಬಲ) 3,500ರಲ್ಲಿ ತುದಿ ಮುಟ್ಟುತ್ತದೆ, ಪವರ್ 6,200ರಲ್ಲಿ. ಕೆಂಪು ಪಟ್ಟಿ 6,300ರ ಹತ್ತಿರ ಶುರುವಾಗುತ್ತದೆ, 6,500 ದಾಟಿದರೆ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಪೆಟ್ರೋಲ್ ನಿಲ್ಲಿಸಿಬಿಡುತ್ತದೆ. ಇದಕ್ಕೇ ಲಿಮಿಟರ್ ಅನ್ನುವುದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಆದರೆ ಯಾರೂ ಒಂದು ನಟ್ಟೂ ಬದಲಾಯಿಸಿರಲಿಲ್ಲ. ಎಲ್ಲ ಕಂಪನಿ ಕೊಟ್ಟ ಹಾಗೇ ಇತ್ತು.

ಹುಡುಗನ ತಲೆಯಲ್ಲಿ ಎರಡು ವಿಷಯ ಕೂತಿದ್ದವು. ಒಂದು, ಕಂಪನಿಯವರು ಯಾವಾಗಲೂ ಸ್ವಲ್ಪ ಕಮ್ಮಿಯೇ ಬರೆದಿರುತ್ತಾರೆ, 6,500 ಅಂದರೆ ಇಂಜಿನ್ 7,500 ಆರಾಮಾಗಿ ತಡೆಯುತ್ತದೆ, ಹಾಗಾಗಿ ಇಸಿಯು ಫೈಲ್ ಬದಲಾಯಿಸಿ ಲಿಮಿಟ್ ಮೇಲಕ್ಕೆ ಎತ್ತಿಸಬಹುದು. ಎರಡು, ಅಲ್ಲಿವರೆಗೆ ಹೇಗೂ ಲಿಮಿಟರ್ ಇದೆಯಲ್ಲ, ಏನೇ ಮಾಡಿದರೂ ಇಂಜಿನ್ನಿಗೆ ಏನೂ ಆಗುವುದಿಲ್ಲ. ಮೊದಲನೇ ಮಾತಲ್ಲಿ ಅರ್ಧ ನಿಜ ಇದೆ. ಇಂಜಿನ್ ಕೆಡಿಸಿದ್ದು ಎರಡನೇದು.

ಅವತ್ತು ಏನಾಯಿತು ಅಂದರೆ, ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಎಕ್ಸಿಲರೇಟರ್ ಒತ್ತಿ ಹೋಗುತ್ತಿದ್ದ. ಸ್ಪೀಡು 105. ನಾಲ್ಕಕ್ಕೆ ಹಾಕಬೇಕಿತ್ತು. ಲಿವರ್ ಎಳೆದ, ಕ್ಲಚ್ ಬಿಟ್ಟ. ಬಿದ್ದದ್ದು ಎರಡನೇ ಗೇರ್. ಕಾರಿನ ಮೂತಿ ಕೆಳಕ್ಕೆ ಬಾಗಿತು, ಮುಂದಿನ ಟೈರು ಕಿರ್ ಅಂದಿತು, ಇಂಜಿನ್ ಅವನು ಯಾವತ್ತೂ ಕೇಳದ ಸದ್ದು ಮಾಡಿತು. ಗಾಬರಿಯಾಗಿ ಮತ್ತೆ ಕ್ಲಚ್ ಒತ್ತಿದ. ಅಷ್ಟರಲ್ಲಿ ಒಂದು ಸೆಕೆಂಡ್ ಆಗಿರಬಹುದು ಅಂತಾನೆ. ಒಂದು ಸೆಕೆಂಡ್ ಏನು ಮಹಾ ಅನ್ನಿಸುತ್ತೆ, ಅಲ್ವಾ? ಆ ವೇಗದಲ್ಲಿ ಅದು ನೂರಕ್ಕೂ ಜಾಸ್ತಿ ಸುತ್ತು.

ಪಕ್ಕಕ್ಕೆ ನಿಲ್ಲಿಸಿದಾಗ ಇಂಜಿನ್ ಆಫ್ ಆಗಿರಲಿಲ್ಲ. ಆದರೆ ಐಡಲ್‌ನಲ್ಲಿ ಗಡಗಡ ನಡುಗುತ್ತಿತ್ತು, ಮಿಸ್ಸಿಂಗ್ ಹೊಡೆಯುತ್ತಿತ್ತು, ಚೆಕ್ ಇಂಜಿನ್ ದೀಪ ಮಿಟುಕುತ್ತಿತ್ತು. ಇಲ್ಲಿ ಅವನು ಎರಡನೇ ತಪ್ಪು ಮಾಡಿದ. ಹಾಗೇ ನಾಲ್ಕು ಕಿಲೋಮೀಟರ್ ಓಡಿಸಿಕೊಂಡು ಮನೆಗೆ ಬಂದ. ಆ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿಟುಕುತ್ತಿದ್ದರೆ ಹೋಗಬಾರದು. ಉರಿಯದ ಪೆಟ್ರೋಲ್ ನೇರವಾಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ, ಕನ್ವರ್ಟರ್ ಸುಟ್ಟುಹೋಗಬಹುದು ಅಂತ ಅದರ ಅರ್ಥ.

ಮೊದಲು ನೋಡಿದ ಗ್ಯಾರೇಜಿನವರು ಸ್ಕ್ಯಾನರ್ ಹಾಕಿದರು. ಪಿ0302 ಬಂತು, ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಪ್ಲಗ್ ಬದಲಾಯಿಸಿದರು, ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಬದಲಾಯಿಸಿದರು. ಮಿಸ್ಸಿಂಗ್ ಹಾಗೇ ಇತ್ತು. ಅವರನ್ನು ಬೈಯುವ ಹಾಗಿಲ್ಲ, ಯಾಕೆಂದರೆ ಹುಡುಗ ಗೇರ್ ತಪ್ಪಿದ ವಿಷಯವನ್ನೇ ಅವರಿಗೆ ಹೇಳಿರಲಿಲ್ಲ. "ಇದ್ದಕ್ಕಿದ್ದ ಹಾಗೆ ಮಿಸ್ಸಿಂಗ್ ಶುರುವಾಯ್ತು" ಅಂತಷ್ಟೇ ಹೇಳಿದ್ದ. ನನಗೂ ಅಷ್ಟೇ ಹೇಳಿದ. ನಾನು ಒಂದನೇ ಸಿಲಿಂಡರಿನ ಕಾಯಿಲ್ಲನ್ನು ಎರಡಕ್ಕೆ ಹಾಕಿ ನೋಡಿದೆ, ಕೋಡ್ ಎರಡರಲ್ಲೇ ಉಳಿಯಿತು. ಕಾಯಿಲ್ ಕೆಟ್ಟಿದ್ದರೆ ಕೋಡ್ ಅದರ ಜೊತೆಗೇ ಹೋಗಬೇಕಿತ್ತು.

ಆಮೇಲೆ ಅವನ ಫೋನ್ ನೋಡಿದೆ. ಕಾರಿನಲ್ಲಿ ಸ್ಕ್ಯಾನರ್ ಸಿಕ್ಕಿಸುವ ಓಬಿಡಿ ಸಾಕೆಟ್‌ಗೆ ಚಿಕ್ಕ ಬ್ಲೂಟೂತ್ ಡಬ್ಬಿ ಸಿಕ್ಕಿಸಿ ಆರ್‌ಪಿಎಂ ದಾಖಲೆ ಮಾಡುವ ಅಭ್ಯಾಸ ಅವನದು. ಆ ದಿನದ ಲಾಗ್‌ನಲ್ಲಿ ಸಾಲಾಗಿ ಮೂರು ಅಂಕಿ: 5,587, ಆಮೇಲೆ 7,612, ಆಮೇಲೆ 4,930. ಎರಡರ ನಡುವೆ ಹತ್ತಿರ ಹತ್ತಿರ ಅರ್ಧ ಸೆಕೆಂಡ್.

ಆ ನಡುವಿನ ಅಂಕಿ ನೋಡಿ "ಇದೇನಿದು?" ಅಂದೆ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎಲ್ಲ ಹೇಳಿದ. ಹೇಳಿ ಮುಗಿಸಿ, "ಆದ್ರೆ ಮಾವ, 6,500ಕ್ಕೆ ಕಟ್ ಆಗ್ಬೇಕಿತ್ತಲ್ಲ? ಲಿಮಿಟರ್ ಯಾಕೆ ಕೆಲಸ ಮಾಡ್ಲಿಲ್ಲ?" ಅಂತ ಕೇಳಿದ.

ಲಿಮಿಟರ್ ತನ್ನ ಕೆಲಸ ಮಾಡಿತ್ತು. ಪೆಟ್ರೋಲ್ ಖಂಡಿತ ನಿಲ್ಲಿಸಿರುತ್ತದೆ. ಆದರೆ ಆ ಹೊತ್ತಿಗೆ ಇಂಜಿನ್ ತಿರುಗುತ್ತಿದ್ದದ್ದು ಪೆಟ್ರೋಲಿನಿಂದ ಅಲ್ಲ. ರಸ್ತೆ ಚಕ್ರವನ್ನು ತಿರುಗಿಸುತ್ತಿತ್ತು, ಚಕ್ರ ಗೇರ್‌ಬಾಕ್ಸನ್ನು, ಗೇರ್‌ಬಾಕ್ಸ್ ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕನ್ನು. ಒಂದು ಟನ್ ಹತ್ತಿರದ ಕಾರು 105ರಲ್ಲಿ ಓಡುತ್ತಾ ತನ್ನ ಇಂಜಿನ್ನನ್ನು ತಾನೇ ಎಳೆದಾಡುತ್ತಿತ್ತು. ಇಸಿಯು ಹತ್ತಿರ ಬ್ರೇಕ್ ಇಲ್ಲ. ಅದಕ್ಕೆ ಗೊತ್ತಿರುವುದು ಪೆಟ್ರೋಲ್, ಕಿಡಿ, ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಕವಾಟ) ಇಷ್ಟೇ. ಕಾಲು ಮಾಡುವ ತಪ್ಪನ್ನು ಅದು ತಡೆಯುತ್ತದೆ, ಕೈ ಮಾಡುವ ತಪ್ಪನ್ನು ತಡೆಯಲಾರದು. ಈ ಒಂದು ವಿಷಯ ಮೂರು ವಾರ ಮೊದಲೇ ಹೇಳಿದ್ದರೆ ಹೆಡ್ (ವಾಲ್ವುಗಳಿರುವ ಇಂಜಿನ್ನಿನ ಮೇಲ್ಭಾಗ) ಇಳಿಸುವ ಕೆಲಸ ಉಳಿಯುತ್ತಿತ್ತೋ ಏನೋ.

ಇಂಜಿನ್ ಎಷ್ಟಕ್ಕೆ ಹೋಗಿತ್ತು ಅಂತ ತಿಳಿಯಲು ಲಾಗ್ ಒಂದೇ ಸಾಲದು. ಅರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡುವ ಡಬ್ಬಿಗೆ ನಡುವಿನ ಶಿಖರ ಕಾಣುವುದಿಲ್ಲ. ಗೇರಿನ ಲೆಕ್ಕ ಇದಕ್ಕಿಂತ ನಂಬಿಕಸ್ಥ. ಈ ಕಾರಿನ ಎರಡನೇ ಗೇರಿನ ಅನುಪಾತ 1.904, ಮೂರನೇದು 1.280. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.49 ಹತ್ತಿರ. ಮೂರರಲ್ಲಿ 5,600 ಇದ್ದರೆ ಅದೇ ಸ್ಪೀಡಿಗೆ ಎರಡರಲ್ಲಿ 8,330. ಟೈರು ಜಾರಿದ್ದರಿಂದಲೂ ಕ್ಲಚ್ ಸ್ವಲ್ಪ ತೇದದ್ದರಿಂದಲೂ ಪೂರ್ತಿ ಅಲ್ಲಿಗೆ ಮುಟ್ಟಿರಲಿಕ್ಕಿಲ್ಲ. ಲಾಗ್‌ನ 7,612ಕ್ಕಿಂತ ಮೇಲೆ, 8,330ಕ್ಕಿಂತ ಕೆಳಗೆ, ನಡುವೆ ಎಲ್ಲೋ ಇತ್ತು. ಕೆಳಗಿನ ಲೆಕ್ಕಕ್ಕೆಲ್ಲ ಕೆಟ್ಟದ್ದನ್ನೇ ಹಿಡಿದು 8,300 ಅಂತ ಇಟ್ಟುಕೊಳ್ಳುತ್ತೇನೆ.

ಗೇರ್ ತಪ್ಪಿದ್ದು ಗೊತ್ತಾದ ಮೇಲೆ ಹುಡುಕಾಟ ಸುಲಭವಾಯಿತು. ಮೂರೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಬರದ ಹಾಗೆ ಮಾಡಿ, ಎಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಸಿ, ಸೆಲ್ಫ್ ಹೊಡೆಸಿ ಕಂಪ್ರೆಶನ್, ಅಂದರೆ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಿ ಹಿಡಿಯುತ್ತದೆ ಅಂತ, ನೋಡಿದೆ. ಒಂದರಲ್ಲಿ 13 ಬಾರ್, ಎರಡರಲ್ಲಿ 3.5, ಮೂರರಲ್ಲಿ 12.8. ನನಗೆ ಮೊದಲು ಚೈನ್ ಹಲ್ಲು ಹಾರಿದೆಯೇನೋ ಅಂತ ಅನುಮಾನ ಇತ್ತು. ಚೈನ್ ಹಾರಿದ್ದರೆ ಮೂರೂ ಸಿಲಿಂಡರಿನಲ್ಲಿ ಕಂಪ್ರೆಶನ್ ಬೀಳಬೇಕು, ಒಂದರಲ್ಲಿ ಮಾತ್ರ ಅಲ್ಲ. ಆ ಅನುಮಾನ ಅಲ್ಲೇ ಹೋಯಿತು. ಎರಡನೇ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಪಿಸ್ಟನ್ ಸುತ್ತಲಿನ ರಿಂಗ್ ತೇದಿದ್ದರೆ ಆಯಿಲ್ ಸಂದಿ ಮುಚ್ಚಿ ಅಂಕಿ ಚೆನ್ನಾಗಿ ಏರುತ್ತದೆ. ಇಲ್ಲಿ 4 ಕೂಡ ದಾಟಲಿಲ್ಲ. ಹಾಗಾದರೆ ವಾಲ್ವ್.

ಯಾವ ವಾಲ್ವ್ ಅಂತ ಹೇಳಿದ್ದು ಗಾಳಿ. ಎರಡನೇ ಪಿಸ್ಟನ್ನನ್ನು ಕಂಪ್ರೆಶನ್ ತುದಿಗೆ ತಂದು, ಕಾರು ಅಲುಗದ ಹಾಗೆ ಗೇರ್ ಹಾಕಿ ಹ್ಯಾಂಡ್ ಬ್ರೇಕ್ ಎಳೆದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟೆವು. ಥ್ರಾಟಲ್ ಹತ್ತಿರ ಕಿವಿ ಇಟ್ಟರೆ ಸದ್ದಿಲ್ಲ, ಅಂದರೆ ಇನ್‌ಟೇಕ್ ವಾಲ್ವ್ ಸರಿ ಇದೆ. ಆಯಿಲ್ ಹಾಕುವ ಬಾಯಲ್ಲಿ ಮಾಮೂಲಿ ಸಣ್ಣ ಉಸಿರು. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ, ಹೆಡ್ ಗ್ಯಾಸ್ಕೆಟ್ ಸರಿ. ಹುಡುಗ ಹಿಂದೆ ಹೋಗಿ ಸೈಲೆನ್ಸರ್ ಬಾಯಿಗೆ ಅಂಗೈ ಹಿಡಿದು "ಮಾವ, ಇಲ್ಲಿ ಬರ್ತಾ ಇದೆ" ಅಂದ. ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಿಲ್ಲ.

ಪ್ಲಗ್ ತೂತಿನಿಂದ ತೆಳ್ಳನೆಯ ಕ್ಯಾಮೆರಾ ಇಳಿಸಿದಾಗ ಅದೂ ಕಂಡಿತು. ಪಿಸ್ಟನ್ ತಲೆ ಪೂರ್ತಿ ಕಪ್ಪು ಕಾರ್ಬನ್, ಅದರ ಮೇಲೆ ಒಂದು ಕಡೆ ಉಗುರಿನ ತುದಿಯ ಆಕಾರದ ಹೊಳೆಯುವ ಗೀರು. ವಾಲ್ವಿನ ಅಂಚು ಕಾರ್ಬನ್ನನ್ನು ಕೆರೆದು ಅಲ್ಯುಮಿನಿಯಮ್ಮಿಗೆ ಮುತ್ತಿಟ್ಟ ಗುರುತು.

ಎಕ್ಸಾಸ್ಟ್ ವಾಲ್ವೇ ಯಾಕೆ? ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಪಿಸ್ಟನ್ ಮೇಲೆ ಬರುತ್ತಿರುತ್ತದೆ, ವಾಲ್ವ್ ಅದರ ಮುಂದೆ ಮುಂದೆ ಓಡಿಹೋಗಿ ಮುಚ್ಚಿಕೊಳ್ಳಬೇಕು. ನಡುವೆ ಇರುವುದು ಕೆಲವೇ ಮಿಲಿಮೀಟರ್. ವಾಲ್ವನ್ನು ತೆರೆಯುವುದು ಕ್ಯಾಮ್ (ಉಬ್ಬುಗಳಿರುವ ತಿರುಗುವ ದಂಡ), ಮುಚ್ಚುವುದು ಬರೀ ಸ್ಪ್ರಿಂಗ್. ಕ್ಯಾಮ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ 6,000 ಆರ್‌ಪಿಎಂನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. 8,300ರಲ್ಲಿ 69 ಸಲ. ಕಾರ್ಖಾನೆಯವರು ಹಾಕಿರುವ ಸ್ಪ್ರಿಂಗ್ 6,500ಕ್ಕೆ ಮತ್ತು ಅದರ ಮೇಲೆ ಸ್ವಲ್ಪಕ್ಕೆ ಲೆಕ್ಕ ಹಾಕಿದ್ದು. ಸ್ಪ್ರಿಂಗ್ ಗಟ್ಟಿ ಮಾಡಿದಷ್ಟೂ ಕ್ಯಾಮ್ ತೇಯುತ್ತದೆ, ಮೈಲೇಜ್ ಬೀಳುತ್ತದೆ, ಹಾಗಾಗಿ ಚಿಕ್ಕ ಕಾರಿಗೆ ಬೇಕಾದ್ದಕ್ಕಿಂತ ಗಟ್ಟಿ ಸ್ಪ್ರಿಂಗ್ ಯಾರೂ ಹಾಕುವುದಿಲ್ಲ. ಆ ಮಿತಿ ದಾಟಿದರೆ ವಾಲ್ವ್ ಕ್ಯಾಮಿನ ಜೊತೆ ಹೆಜ್ಜೆ ಹಾಕಲಾರದೆ ಗಾಳಿಯಲ್ಲಿ ತೇಲುತ್ತದೆ. ಇದಕ್ಕೇ ವಾಲ್ವ್ ಫ್ಲೋಟ್ ಅನ್ನುವುದು. ತೇಲುತ್ತಿದ್ದ ವಾಲ್ವ್ ಮುಚ್ಚುವುದು ಕೂದಲೆಳೆಯಷ್ಟು ತಡವಾಯಿತು, ಪಿಸ್ಟನ್ ಕೆಳಗಿಂದ ಬಂದು ಗುದ್ದಿತು.

ಹೆಡ್ ಇಳಿಸಿ ಪಕ್ಕಕ್ಕೆ ಮಲಗಿಸಿ ಎಕ್ಸಾಸ್ಟ್ ಪೋರ್ಟ್‌ಗಳಿಗೆ ಸ್ವಲ್ಪ ಪೆಟ್ರೋಲ್ ಸುರಿದೆವು. ಒಂದು, ಮೂರರಲ್ಲಿ ವಾಲ್ವಿನ ಸುತ್ತ ಒಣಗಿಯೇ ಇತ್ತು. ಎರಡರಲ್ಲಿ ಒಂದು ವಾಲ್ವ್ ಗಳಗಳ ಸೋರಿತು, ಪಕ್ಕದ್ದು ನಿಧಾನವಾಗಿ ಒದ್ದೆಯಾಯಿತು. ಬಿಚ್ಚಿ ಗಾಜಿನ ಮೇಲೆ ಉರುಳಿಸಿದರೆ ಮೊದಲನೇದರ ತಲೆ ಕುಂಟುತ್ತಾ ಹೋಯಿತು. ಕಣ್ಣಿಗೆ ಮಾತ್ರ ನೋಡಿದ್ದರೆ ಬಾಗಿದೆ ಅಂತ ಯಾರೂ ಹೇಳುತ್ತಿರಲಿಲ್ಲ. ಅಷ್ಟು ಸಣ್ಣ ಬಾಗಿಗೆ 13 ಬಾರ್ 3.5ಕ್ಕೆ ಬಂದಿತ್ತು.

ಇಷ್ಟಕ್ಕೇ ಮುಚ್ಚಬಹುದಿತ್ತು. ಹೆಡ್ ರಿಪೇರಿ ಮಾಡಿ ಹಾಕಿ ಅಂತಲೇ ಎಲ್ಲರೂ ಹೇಳಿದ್ದು. ನನಗೆ ನಿದ್ದೆ ಕೆಡಿಸಿದ್ದು ವಾಲ್ವ್ ಅಲ್ಲ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೋಲ್ಟು. ಯಾಕೆ ಅಂತ ಸ್ವಲ್ಪ ಲೆಕ್ಕ ಮಾಡೋಣ.

ಪಿಸ್ಟನ್ ಮೇಲೆ ಹೋಗಿ ಒಂದು ಕ್ಷಣ ನಿಂತು ಕೆಳಗೆ ತಿರುಗುತ್ತದೆ. ಆ ತಿರುವಿನಲ್ಲಿ ಅದು ಮೇಲಕ್ಕೇ ಹಾರಿಹೋಗಲು ನೋಡುತ್ತದೆ, ರಾಡ್ ಹಿಡಿದು ಕೆಳಕ್ಕೆ ಎಳೆಯಬೇಕು. ಪಿಸ್ಟನ್, ಪಿನ್, ರಿಂಗ್ ಎಲ್ಲ ಸೇರಿ 300 ಗ್ರಾಂ ಅಂತ ಇಟ್ಟುಕೊಳ್ಳಿ. 79.5 ಮಿಮೀ ಸ್ಟ್ರೋಕಿಗೆ 6,200 ಆರ್‌ಪಿಎಂನಲ್ಲಿ ಆ ಎಳೆತ ಸುಮಾರು 670 ಕೆಜಿ ತೂಕ ನೇತುಹಾಕಿದ ಹಾಗೆ. 300 ಗ್ರಾಂ ವಸ್ತುವಿಗೆ! 8,300ರಲ್ಲಿ ಅದೇ ಎಳೆತ ಸುಮಾರು 1,190 ಕೆಜಿ. ಆರ್‌ಪಿಎಂ ಏರಿದ್ದು ಮೂರನೇ ಒಂದು ಪಾಲು, ಎಳೆತ ಏರಿದ್ದು ಮುಕ್ಕಾಲು ಪಾಲಿಗಿಂತ ಜಾಸ್ತಿ, ಯಾಕೆಂದರೆ ಅದು ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತದೆ. "ಇನ್ನೊಂದು ಸಾವಿರ ತಾನೇ" ಅನ್ನುವವರು ಮರೆಯುವುದು ಇದನ್ನೇ. 2,000ದಿಂದ 3,000ಕ್ಕೆ ಹೋಗುವ ಸಾವಿರವೂ 6,500ರಿಂದ 7,500ಕ್ಕೆ ಹೋಗುವ ಸಾವಿರವೂ ಒಂದೇ ಅಲ್ಲ.

ಅದರಲ್ಲೂ ಅವನ ವಿಷಯದಲ್ಲಿ ಪೆಟ್ರೋಲ್ ಕಟ್ ಆಗಿತ್ತು, ಥ್ರಾಟಲ್ ಮುಚ್ಚಿತ್ತು. ಪೂರ್ತಿ ಎಕ್ಸಿಲರೇಟರ್ ಒತ್ತಿ ಓಡಿಸುವಾಗ ಕಂಪ್ರೆಶನ್ ತುದಿಯಲ್ಲಿ ಗ್ಯಾಸಿನ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ದಬ್ಬಿ ರಾಡಿಗೆ ಎರಡು ಸುತ್ತಿಗೊಮ್ಮೆಯಾದರೂ ಬಿಡುವು ಕೊಡುತ್ತದೆ. ಥ್ರಾಟಲ್ ಮುಚ್ಚಿದಾಗ ಆ ಒತ್ತಡವೂ ಬಹಳ ಕಮ್ಮಿ. ಪ್ರತಿ ಸುತ್ತಿಗೂ ಎಳೆತವೇ. ಆ ಎಳೆತ ಪೂರ್ತಿ ಬೀಳುವುದು ರಾಡಿನ ಕ್ಯಾಪ್ ಹಿಡಿದ ಎರಡು ಬೋಲ್ಟುಗಳ ಮೇಲೆ. ಅವು ಒಂದು ಸಲ ಮಿತಿ ಮೀರಿ ಹಿಗ್ಗಿದರೆ ಅವತ್ತು ಏನೂ ಗೊತ್ತಾಗುವುದಿಲ್ಲ. ತಿಂಗಳುಗಳ ನಂತರ ಸಾದಾ 5,000ದಲ್ಲಿ ತುಂಡಾಗಿ ರಾಡ್ ಬ್ಲಾಕಿಗೆ ತೂತು ಮಾಡಿ ಹೊರಗೆ ಬರಬಹುದು. ವಾಲ್ವ್ ಬಾಗಿದರೆ ಕಾರು ಅಲುಗಾಡಿ ಹೇಳುತ್ತದೆ, ಬೋಲ್ಟ್ ಹೇಳುವುದಿಲ್ಲ.

ಹಾಗಾಗಿ ಆಯಿಲ್ ಸಂಪ್ ಬಿಚ್ಚಿದೆವು. ರಾಡ್ ಕ್ರ್ಯಾಂಕನ್ನು ಹಿಡಿಯುವ ಕಡೆಯ ಬಿಗ್ ಎಂಡ್ ಬೇರಿಂಗಿನ ಎರಡು ಅರ್ಧಗಳಲ್ಲಿ ಸಾಮಾನ್ಯ ಓಡಾಟದಲ್ಲಿ ಜಾಸ್ತಿ ತೇಯುವುದು ರಾಡ್ ಕಡೆಯದು, ಏಕೆಂದರೆ ಉರಿಯುವ ಗ್ಯಾಸ್ ಅತ್ತಲೇ ಒತ್ತುತ್ತದೆ. ಇಲ್ಲಿ ಕ್ಯಾಪ್ ಕಡೆಯ ಅರ್ಧದಲ್ಲೂ ನಡುವೆ ಹೊಳಪಿನ ಪಟ್ಟಿ ಇತ್ತು, ಮೂರೂ ಸಿಲಿಂಡರಿನಲ್ಲಿ. ಎಳೆತದ ಸಹಿ ಅದು. ತಾಮ್ರದ ಬಣ್ಣ ಕಾಣಿಸುವಷ್ಟು ತೇದಿರಲಿಲ್ಲ, ಕ್ರ್ಯಾಂಕಿನ ಮೇಲೆ ಉಗುರು ಎಳೆದರೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಬೋಲ್ಟುಗಳ ಉದ್ದ ಅಳೆದೆ, ಆರರಲ್ಲಿ ಐದು ಸಮ, ಒಂದು ತುಸು ಉದ್ದ. ಅಳತೆಯ ತಪ್ಪೂ ಇರಬಹುದು. ಆದರೆ ಈ ಜಾತಿಯ ಬೋಲ್ಟನ್ನು ಒಂದು ಸಲ ಬಿಚ್ಚಿದ ಮೇಲೆ ಮತ್ತೆ ಹಾಕುವ ಹಾಗಿಲ್ಲ, ಬಿಗಿ ಮಾಡುವಾಗಲೇ ಅದು ಸ್ವಲ್ಪ ಹಿಗ್ಗುವ ಹಾಗೆ ಮಾಡಿರುತ್ತಾರೆ. ಆರೂ ಹೊಸದು, ಬೇರಿಂಗೂ ಹೊಸದು. ಹೆಡ್‌ನಲ್ಲಿ ಎರಡನೇ ಸಿಲಿಂಡರಿನ ಎರಡೂ ಎಕ್ಸಾಸ್ಟ್ ವಾಲ್ವ್, ಬಾಗಿದ್ದರ ಗೈಡ್, ಎಲ್ಲ ವಾಲ್ವ್ ಸೀಲ್. ಸ್ಪ್ರಿಂಗುಗಳ ಉದ್ದ ಮ್ಯಾನುಯಲ್ ಹೇಳಿದ ಮಿತಿಯಲ್ಲೇ ಇತ್ತು. ಕ್ಯಾಟಲಿಟಿಕ್ ಕನ್ವರ್ಟರ್ ಬಡಿದು ನೋಡಿದರೆ ಒಳಗೆ ಗಲಗಲ ಸದ್ದಿಲ್ಲ. ನಾಲ್ಕು ಕಿಲೋಮೀಟರಿಗೆ ಬದುಕಿಕೊಂಡಿತ್ತು.

ಇನ್ನೊಂದು ಭಾಗವನ್ನೂ ತೆಗೆದು ನೋಡಿದೆ, ಕ್ಲಚ್ ಪ್ಲೇಟ್. ಜನ ಇದನ್ನು ಯೋಚಿಸುವುದೇ ಇಲ್ಲ. ಕ್ಲಚ್ ಒತ್ತಿ ಹಿಡಿದರೆ ಇಂಜಿನ್ ಬೇರೆಯಾಗುತ್ತದೆ ನಿಜ, ಆದರೆ ಪ್ಲೇಟ್ ಗೇರ್‌ಬಾಕ್ಸಿನ ಜೊತೆಗೇ ಇರುತ್ತದೆ. ಅಂದರೆ 105ರಲ್ಲಿ ಎರಡನೇ ಗೇರ್ ಬಿದ್ದ ಕ್ಷಣವೇ, ಕ್ಲಚ್ ಬಿಡುವ ಮೊದಲೇ, ಪ್ಲೇಟ್ 8,300ರಲ್ಲಿ ತಿರುಗುತ್ತಿತ್ತು. ಅದೇ ಸ್ಪೀಡಿನಲ್ಲಿ ಒಂದನೇ ಗೇರಿಗೆ ದಬ್ಬಿದ್ದರೆ 15,500. ಆ ವೇಗಕ್ಕೆ ಪ್ಲೇಟಿನ ಲೈನಿಂಗ್ ಕಿತ್ತು ಚೂರಾಗುತ್ತದೆ, ಇಂಜಿನ್ನಿಗೆ ಏನೂ ಆಗದಿದ್ದರೂ. ಕಾರು ಓಡುವಾಗ ಒಂದನೇ ಗೇರ್ ಬೀಳದೆ ಅಷ್ಟು ಗಟ್ಟಿಯಾಗಿ ಹಟ ಹಿಡಿಯುತ್ತದಲ್ಲ, ಅದು ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಮಾಡುವ ಉಪಕಾರ. ಅದರ ಜೊತೆ ಜಗಳ ಮಾಡಬೇಡಿ.

ಈಗ ಅವನ ಮೂಲ ಪ್ರಶ್ನೆಗೆ ಬರುತ್ತೇನೆ. ಎಷ್ಟು ತಡೆಯುತ್ತದೆ?

ಎಕ್ಸಿಲರೇಟರ್ ಒತ್ತಿ ಹೋಗುವುದಾದರೆ, ಇಂಜಿನ್ ಬಿಸಿಯಾಗಿದ್ದು ಆಯಿಲ್ ಮಟ್ಟ ಸರಿ ಇದ್ದರೆ, ಲಿಮಿಟರ್ ತನಕ ಹೋಗಬಹುದು. ಆಗಾಗ ಕೆಂಪಿನ ಅಂಚು ಮುಟ್ಟಿದರೆ ಇಂಜಿನ್ ಸಾಯುವುದಿಲ್ಲ, ಕಂಪನಿಯವರು ಆ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿ ನೋಡಿಯೇ ಗೆರೆ ಎಳೆದಿರುತ್ತಾರೆ. ಹಾಗಂತ ಲಿಮಿಟರಿಗೆ ತಲೆ ಕೊಟ್ಟು ಢಗ ಢಗ ಅನ್ನಿಸುತ್ತಾ ನಿಲ್ಲಬೇಕಾಗಿಲ್ಲ. ನ್ಯೂಟ್ರಲ್‌ನಲ್ಲಿ ಸುಮ್ನೆ ರೇಸ್ ಕೊಡುವುದಂತೂ ನನಗೆ ಅರ್ಥವೇ ಆಗದ ಚಟ. ಇಂಜಿನ್ ತಣ್ಣಗಿದ್ದರೆ ಲೆಕ್ಕ ಬೇರೆ. ಮೀಟರಿನ ಟೆಂಪರೇಚರ್ ಮುಳ್ಳು ತೋರಿಸುವುದು ಕೂಲಂಟ್ ಬಿಸಿಯನ್ನು, ಆಯಿಲ್ ಬಿಸಿಯಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಮುಳ್ಳು ನಡುವಿಗೆ ಬಂದ ಮೇಲೂ ಕೆಲವು ನಿಮಿಷ 3,000ದ ಒಳಗೇ ಇರಿ.

7,500ಕ್ಕೆ ಎತ್ತಿಸುವ ಆಸೆಯ ಬಗ್ಗೆ. ಕಾರ್ಖಾನೆಯ ಗೆರೆಯ ಮೇಲೆ ಸ್ವಲ್ಪ ಅಂತರ ಇರುವುದು ನಿಜ ಅಂತ ಮೊದಲೇ ಹೇಳಿದೆ. ಆದರೆ ಆ ಅಂತರ ನಿಮಗೆ ಬಳಸಲು ಬಿಟ್ಟದ್ದಲ್ಲ. ತೇದ ಸ್ಪ್ರಿಂಗ್, ಹಳೇ ಆಯಿಲ್, ಇಂಥ ಒಂದು ಗೇರ್ ತಪ್ಪು, ಇವುಗಳಿಗೆ ಬಿಟ್ಟದ್ದು. ಮತ್ತೆ ಅಲ್ಲಿ ಸಿಗುವುದಾದರೂ ಏನು? 6,200ರ ಆಚೆ ಪವರ್ ಇಳಿಯುತ್ತದೆ. ಆ ವೇಗದಲ್ಲಿ ಇನ್‌ಟೇಕ್ ವಾಲ್ವ್ ತೆರೆದಿರುವುದೇ ಸುಮಾರು 6 ಮಿಲಿಸೆಕೆಂಡ್, ಅಷ್ಟರಲ್ಲಿ ಸಿಲಿಂಡರ್ ತುಂಬಬೇಕು. ಇನ್ನೂ ಜೋರಾಗಿ ತಿರುಗಿಸಿದರೆ ತುಂಬುವುದು ಇನ್ನೂ ಕಮ್ಮಿ, ಘರ್ಷಣೆ ಇನ್ನೂ ಜಾಸ್ತಿ. ಎರಡರಲ್ಲಿ 6,300ಕ್ಕೆ ಗೇರ್ ಬದಲಾಯಿಸಿದರೆ ಮೂರರಲ್ಲಿ 4,200 ಚಿಲ್ಲರೆಗೆ ಬಂದು ಕೂರುತ್ತೀರಿ, ಟಾರ್ಕ್ ಚೆನ್ನಾಗಿರುವ ಜಾಗ. 7,500ರ ತನಕ ಎಳೆದವನು ಬರೀ ಜೋರು ಸದ್ದಿನೊಂದಿಗೆ ಹಿಂದೆ ಉಳಿಯುತ್ತಾನೆ.

"ಮತ್ತೆ ಬೇರೆ ಕಾರುಗಳು 9,000 ಹೋಗ್ತವಲ್ಲ?" ಅಂದ. ಹೋಗುತ್ತವೆ. 1999ರಲ್ಲಿ ಬಂದ ಹೋಂಡಾ ಎಸ್2000ರ ಸ್ಟ್ರೋಕ್ 84 ಮಿಮೀ, ನಮ್ಮದಕ್ಕಿಂತ ಉದ್ದ, ಆದರೂ 9,000ದ ಹತ್ತಿರ ಹೋಗುತ್ತಿತ್ತು. ಪಿಸ್ಟನ್ನಿನ ಸರಾಸರಿ ವೇಗ ಅಲ್ಲಿ ಸೆಕೆಂಡಿಗೆ 25 ಮೀಟರ್. 18,000 ಆರ್‌ಪಿಎಂಗೆ ತಿರುಗುತ್ತಿದ್ದ ಫಾರ್ಮುಲಾ ಒನ್‌ನ 2.4 ಲೀಟರ್ ವಿ8ಗಳಲ್ಲಿ ಸ್ಟ್ರೋಕ್ 40 ಮಿಮೀ ಆಸುಪಾಸು, ಹಾಗಾಗಿ ಪಿಸ್ಟನ್ ವೇಗ 24 ಮೀಟರ್ ಮಾತ್ರ. ನಮ್ಮ ಕಾರಿನಲ್ಲಿ 6,500ಕ್ಕೆ 17 ಮೀಟರ್, 8,300ಕ್ಕೆ 22. ಆರ್‌ಪಿಎಂ ಅಂಕಿ ಒಂದನ್ನೇ ಹಿಡಿದು ಎರಡು ಇಂಜಿನ್ ಹೋಲಿಸುವುದು ವ್ಯರ್ಥ. ಸ್ಟ್ರೋಕ್ ಎಷ್ಟು, ಪಿಸ್ಟನ್ ತೂಕ ಎಷ್ಟು, ರಾಡು ಬೋಲ್ಟು ಎಂಥದು, ಸ್ಪ್ರಿಂಗ್ ಎಷ್ಟು ಗಟ್ಟಿ, ಇವೆಲ್ಲ ಸೇರಿ ಗೆರೆ ಎಲ್ಲಿ ಅಂತ ಹೇಳುತ್ತವೆ. ಎಸ್2000ರವರು ಎಲ್ಲವನ್ನೂ 9,000ಕ್ಕೆಂದೇ ಮಾಡಿದ್ದರು. ನಮ್ಮದನ್ನು ಮಾಡಿದವರ ತಲೆಯಲ್ಲಿ ಇದ್ದದ್ದು ಮೈಲೇಜ್.

ಗೇರ್ ಇಳಿಸುವ ವಿಷಯಕ್ಕೆ ಬಂದರೆ ಆರ್‌ಪಿಎಂ ಮರೆತು ಸ್ಪೀಡ್ ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಕ್ಲಚ್ ಒತ್ತಿದಾಗ ಟ್ಯಾಕೊಮೀಟರ್ (ಆರ್‌ಪಿಎಂ ಮೀಟರ್) ಮುಂದಿನ ಗೇರಿನ ಅಂಕಿ ತೋರಿಸುವುದಿಲ್ಲ. ಈ ಕಾರಿನ ಗೇರು, ಟೈರು ಅಳತೆ ಹಿಡಿದು ಲೆಕ್ಕ ಹಾಕಿದೆ. 6,200ಕ್ಕೆ ಒಂದನೇ ಗೇರಿನಲ್ಲಿ 42 ಕಿಮೀ, ಎರಡರಲ್ಲಿ 78, ಮೂರರಲ್ಲಿ 116. ಅದರ ಮೇಲಿನ ಸ್ಪೀಡಿನಲ್ಲಿ ಆ ಗೇರಿಗೆ ಕೈ ಹಾಕಲೇಬಾರದು. ನಾನು ಅವನಿಗೆ ಇನ್ನೂ ಕೆಳಗೆ ಇಟ್ಟೆ: ಒಂದಕ್ಕೆ 20, ಎರಡಕ್ಕೆ 60, ಮೂರಕ್ಕೆ 95. ನಿಮ್ಮ ಕಾರಿನದನ್ನು ಹುಡುಕಲು ಲೆಕ್ಕ ಬರಬೇಕೆಂದೇನೂ ಇಲ್ಲ. ಒಂದೊಂದು ಗೇರಿನಲ್ಲಿ 3,000ಕ್ಕೆ ಎಷ್ಟು ಸ್ಪೀಡ್ ಅಂತ ನೋಡಿ ಬರೆದುಕೊಂಡು ದುಪ್ಪಟ್ಟು ಮಾಡಿದರೆ 6,000ದ್ದು ಸಿಗುತ್ತದೆ. ಆಟೊಮ್ಯಾಟಿಕ್ ಇದ್ದವರಿಗೆ ಈ ಗೋಳಿಲ್ಲ, ತಪ್ಪು ಗೇರ್ ಕೇಳಿದರೆ ಕಂಪ್ಯೂಟರ್ ಕೊಡುವುದಿಲ್ಲ.

ಕೆಳಗಿನ ಕಡೆಗೂ ಒಂದು ಮಿತಿ ಇದೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ಅಕ್ಕ ಅದೇ ಕಾರನ್ನು 40ರಲ್ಲೇ ಐದನೇ ಗೇರಿಗೆ ಹಾಕುತ್ತಾಳೆ, ಅಂದರೆ 1,250 ಆರ್‌ಪಿಎಂ. ಸಮತಟ್ಟಿನಲ್ಲಿ ತೇಲಿಕೊಂಡು ಹೋದರೆ ತೊಂದರೆ ಇಲ್ಲ. ಏರಿನಲ್ಲಿ ಅದೇ ಗೇರಿನಲ್ಲಿ ಎಕ್ಸಿಲರೇಟರ್ ಪೂರ್ತಿ ಒತ್ತಿದರೆ ಇಂಜಿನ್ ಕಟಕಟ ಅನ್ನುತ್ತದೆ, ಬೇರಿಂಗಿನ ಮೇಲೆ ಆಯಿಲ್ ಪದರ ತೆಳ್ಳಗಿರುವಾಗಲೇ ಪಿಸ್ಟನ್ ಮೇಲಿಂದ ಸುತ್ತಿಗೆ ಹೊಡೆದ ಹಾಗೆ ಬೀಳುತ್ತದೆ. ತಾಯಿ ಮಗ ಇಬ್ಬರನ್ನೂ ಕೂರಿಸಿ ಇದನ್ನು ಹೇಳಿದೆ, ಇಬ್ಬರೂ ಇನ್ನೊಬ್ಬರಿಗೆ ಹೇಳುತ್ತಿದ್ದೇನೆ ಅಂದುಕೊಂಡರು.

ಒಂದು ಪ್ರಶ್ನೆ ಉಳಿದಿತ್ತು. ವರ್ಷದಿಂದ ಓಡಿಸುತ್ತಿರುವವನ ಕೈ ಅವತ್ತೇ ಯಾಕೆ ತಪ್ಪಿತು? ಮೂರರಿಂದ ನೇರ ಹಿಂದಕ್ಕೆ ಎಳೆದರೆ ನಾಲ್ಕು. ನ್ಯೂಟ್ರಲ್‌ನಲ್ಲಿ ಲಿವರನ್ನು ಸ್ಪ್ರಿಂಗ್ ತಾನಾಗೇ 3-4ರ ಸಾಲಿಗೆ ತರುತ್ತದೆ. ಬೇಕೆಂದೇ ಪಕ್ಕಕ್ಕೆ ಒತ್ತಿದರೆ ಮಾತ್ರ 1-2ರ ಸಾಲು. ಇಂಜಿನ್ ಮತ್ತೆ ಕೂರಿಸುವಾಗ ಗೊತ್ತಾಯಿತು, ಒಂದು ಇಂಜಿನ್ ಮೌಂಟಿನ ರಬ್ಬರ್ ಹರಿದಿತ್ತು. ಪೂರ್ತಿ ಎಕ್ಸಿಲರೇಟರ್ ಒತ್ತಿದಾಗ ಇಂಜಿನ್ನೂ ಗೇರ್‌ಬಾಕ್ಸೂ ಒಟ್ಟಿಗೆ ವಾಲುತ್ತಿದ್ದವು, ಗೇರ್ ಕೇಬಲ್ ಅದರ ಜೊತೆ ಎಳೆದುಕೊಳ್ಳುತ್ತಿತ್ತು. ಅದರ ಮೇಲೆ ಅವನು ಲಿವರಿನ ಗುಬಟನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಓರೆಯಾಗಿ ಕೀಳುತ್ತಿದ್ದ. ನೆಟ್ಟಗಿದ್ದ ಗೇರ್‌ಬಾಕ್ಸಿಗೆ ಅಷ್ಟು ಓರೆ ನಡೆಯುತ್ತಿತ್ತು, ವಾಲಿದ್ದಕ್ಕೆ ನಡೆಯಲಿಲ್ಲ. ಹೊಸ ಮೌಂಟ್ ಹಾಕಿದೆವು. ಮುಷ್ಟಿ ಬಿಟ್ಟು ನಾಲ್ಕು ಬೆರಳಿನ ಒಳಬದಿಯಿಂದ ನೇರ ಹಿಂದಕ್ಕೆ ಎಳೆಯುವುದನ್ನು ಕಾರು ನಿಲ್ಲಿಸಿಕೊಂಡೇ ಐವತ್ತು ಸಲ ಮಾಡಿಸಿದೆ. ಬೇಜಾರಾಯಿತು, ಮಾಡಿದ.

ಸಾವಿರ ಕಿಲೋಮೀಟರ್ ಆದ ಮೇಲೆ ಆಯಿಲ್ ಬದಲಾಯಿಸಿ, ಹಳೇ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದೆವು. ಲೋಹದ ಮಿಂಚು ಕಾಣಲಿಲ್ಲ. ಕಂಪ್ರೆಶನ್ ಈಗ 13, 12.6, 12.9. ಫೋನಿನ ಲಾಗ್‌ನಲ್ಲಿ ಅತಿ ಹೆಚ್ಚಿನ ಅಂಕಿ 6,184, ಅದೂ ಒಂದೇ ಸಲ, ಎರಡನೇ ಗೇರಿನಲ್ಲಿ.